ಹಿತ್ತಲ ಅಂಚೆ: ಒಂದು ಗಿಡ ಕೊಟ್ಟು ಒಂದು ಗಿಡ ತರುವ ಮುಂಚೆ

ಹೋದ ತಿಂಗಳು ಈ ಅಂಕಣದ ಕೊನೆಯಲ್ಲಿ ಸುಮ್ನೆ ಎರಡು ಸಾಲು ಬರೆದಿದ್ದೆ. ಕೊಪ್ಪಳದ ನಮ್ಮ ಓಣಿಯವರು ಜೂನ್ ಕೊನೆಯ ರವಿವಾರ ಗುಡಿಯ ಅಂಗಳದಲ್ಲಿ ಸೇರಿ ಗಿಡ ಅದಲು ಬದಲು ಮಾಡಿಕೊಳ್ಳುತ್ತೇವೆ, ಇದು ಎರಡನೇ ವರ್ಷ, ದುಡ್ಡಿನ ಮಾತಿಲ್ಲ ಅಂತ. ಆ ಎರಡು ಸಾಲಿಗೆ ಬಂದಷ್ಟು ಪತ್ರ ನಾನು ಮಲ್ಲಿಗೆ ಬಗ್ಗೆ ಎರಡು ಪುಟ ಬರೆದಾಗಲೂ ಬಂದಿರಲಿಲ್ಲ. ಹಾಗಾಗಿ ಈ ಸಲ ಅದೊಂದೇ ವಿಷಯ. ಟೊಮೆಟೊ ಎಲೆ ಮುದುಡುತ್ತಿದೆ ಅಂತ ಬರೆದವರು ಒಂದು ತಿಂಗಳು ತಾಳಿಕೊಳ್ಳಿ.

ಪ್ರಶ್ನೆ: ನಮ್ಮ ಓಣಿಯಲ್ಲೂ ಇಂಥದ್ದು ಮಾಡೋಣ ಅಂತ ಇಪ್ಪತ್ತು ಮನೆಯವರು ಒಪ್ಪಿದ್ದೇವೆ. ಈಗ ಮೇ ಬಿಸಿಲು. ಯಾವ ಗಿಡವನ್ನು ಯಾವಾಗ ತಯಾರು ಮಾಡಬೇಕು? (ಭಾಗ್ಯನಗರದ ಗೃಹಿಣಿ)

ಅಕ್ಕಾರೆ, ಮೊದಲು ಮಳೆಯ ಲೆಕ್ಕ ಹಾಕೋಣ. ರೋಹಿಣಿ ಮಳೆ ಮೇ 25ರ ಸುಮಾರಿಗೆ, ಮಿರಗ (ಮೃಗಶಿರ) ಜೂನ್ 7-8ಕ್ಕೆ, ಆರಿದ್ರ 21-22ಕ್ಕೆ ಕೂಡುತ್ತದೆ. ಜೂನ್ ಕೊನೆಗೆ ದಿನ ಇಟ್ಟುಕೊಂಡರೆ ಒಂದೆರಡು ಮಳೆ ಬಿದ್ದು ಬಿಸಿಲಿನ ಸೊಕ್ಕು ಇಳಿದಿರುತ್ತದೆ. ತಂದ ಗಿಡ ಬದುಕಿಕೊಳ್ಳುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಕೆಲವು ಕಡ್ಡಿಗಳನ್ನು ಈಗಲೇ ಊರಬೇಕು.

ದಾಸವಾಳ ಬೇರು ಬಿಡಲು ನಾಲ್ಕರಿಂದ ಆರು ವಾರ ಬೇಕು. ಕಾಗದದ ಹೂ, ದುಂಡು ಮಲ್ಲಿಗೆ ಇನ್ನೂ ನಿಧಾನ. ಪುದೀನ, ಬಸಳೆ, ದೊಡ್ಡಪತ್ರೆ ಎರಡು ವಾರದಲ್ಲಿ ಎದ್ದು ನಿಲ್ಲುತ್ತವೆ, ಅವನ್ನು ಮಿರಗ ಕೂಡಿದ ಮೇಲೆ ಊರಿದರೂ ನಡೆಯುತ್ತದೆ. ಕರಿಬೇವಿನ ಕಡ್ಡಿ ಊರಿ ಕಾಯುತ್ತ ಕೂರಬೇಡಿ, ಅದು ಸುಲಭಕ್ಕೆ ಬೇರು ಬಿಡುವ ಜಾತಿಯಲ್ಲ. ಬುಡದ ಸುತ್ತ ಎದ್ದ ಮರಿಯನ್ನು ಬೇರು ಸಮೇತ ಬಿಡಿಸಿ, ತಿಂಗಳು ಮೊದಲೇ ಪಾಕೀಟಿಗೆ ಹಾಕಿಡಿ. ಮೊದಮೊದಲು ಎಲೆ ಉದುರಿಸಿ ನಿಮ್ಮನ್ನು ಹೆದರಿಸುತ್ತದೆ, ಆಮೇಲೆ ಚಿಗುರುತ್ತದೆ. ನುಗ್ಗೆಗಂತೂ ಪಾಕೀಟಿನ ಗೊಡವೆಯೇ ಬೇಡ. ಮಣಿಕಟ್ಟು ದಪ್ಪದ ಮೂರ್ನಾಲ್ಕು ಅಡಿ ಟೊಂಗೆಯನ್ನು ಅವತ್ತು ಬೆಳಿಗ್ಗೆ ಕಡಿದು ಹೆಗಲ ಮೇಲೆ ಹೊತ್ತು ಬಂದರಾಯಿತು.

ದಾಸವಾಳದ ಕಡ್ಡಿ ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ, ನಾಲ್ಕು ಗೆಣ್ಣು ಇರಲಿ. ಕೆಳಗಡೆ ಓರೆಯಾಗಿ, ಮೇಲ್ಗಡೆ ನೇರವಾಗಿ ಕತ್ತರಿಸಿದರೆ ತಲೆಕೆಳಗಾಗಿ ಊರುವ ಭಯವಿಲ್ಲ. ನಗಬೇಡಿ, ನಾನು ಊರಿದ್ದೇನೆ. ಎರಡು ಗೆಣ್ಣು ಮಣ್ಣೊಳಗೆ, ಎರಡು ಮೇಲೆ. ತುದಿಯ ಒಂದೆರಡು ಎಲೆ ಬಿಟ್ಟು ಉಳಿದವನ್ನು ಕಿತ್ತುಬಿಡಿ.

ಮಣ್ಣು ಮಾತ್ರ ನಮ್ಮ ಕಪ್ಪು ಎರೆ ಬೇಡ. ಅದು ಹೊಲಕ್ಕೆ ಬಂಗಾರ, ಪಾಕೀಟಿಗೆ ಶಿಕ್ಷೆ. ತೇವ ಇದ್ದಾಗ ಅಂಟು, ಒಣಗಿದಾಗ ಬಿರುಕು. ಬಿರುಕು ಬಿಟ್ಟರೆ ಎಳೆ ಬೇರು ಹರಿಯುತ್ತದೆ. ಕೆಂಪು ಮಸಾರಿ ಮಣ್ಣು ಅರ್ಧ, ಮರಳು ಅರ್ಧ ಬೆರೆಸಿ. ಕಡ್ಡಿ ಬೇರು ಬಿಡುವವರೆಗೆ ಗೊಬ್ಬರ ಕೇಳುವುದಿಲ್ಲ, ಹಸಿ ಸಗಣಿ ಹಾಕಿದರೆ ಸುಟ್ಟೇ ಹೋಗುತ್ತದೆ. ಪಾಕೀಟಿಗೆ ದುಡ್ಡು ಕೊಡಬೇಡಿ. ಅರ್ಧ ಲೀಟರಿನ ಹಾಲಿನ ಕವರ್ ತೊಳೆದು, ಕಾಯಿಸಿದ ದಬ್ಬಣದಿಂದ ಕೆಳಗೆ ನಾಲ್ಕು ತೂತು ಮಾಡಿದರೆ ಮುಗಿಯಿತು. ಈಗಿಂದ ದಿನಕ್ಕೆ ಎರಡು ಕವರ್ ಕೂಡಿಟ್ಟರೂ ಜೂನ್ ಹೊತ್ತಿಗೆ ಬೇಕಾದ್ದಕ್ಕಿಂತ ಜಾಸ್ತಿ ಆಗುತ್ತವೆ.

ನೆರಳು ಇಲ್ಲದೆ ಮೇ ತಿಂಗಳಲ್ಲಿ ಯಾವ ಕಡ್ಡಿಯೂ ಬದುಕುವುದಿಲ್ಲ. ಮೊದಲೆಲ್ಲ ನಾನು ಮನೆ ಮುಂದಿನ ಬೇವಿನ ಮರದ ಬುಡದಲ್ಲಿ ಸಾಲಾಗಿ ಇಡುತ್ತಿದ್ದೆ. ಹೋದ ವರ್ಷ ರಸ್ತೆ ಅಗಲ ಮಾಡುವಾಗ ಆ ಮರ ಹೋಯಿತು. ಈಗ ಹಿತ್ತಲಲ್ಲಿ ಎರಡು ಹಳೇ ವಾಯಿಲ್ ಸೀರೆ ಕಟ್ಟಿದ್ದೇನೆ, ಅದರ ಕೆಳಗೆ ಮೂವತ್ತೆರಡು ಕವರ್ ಕೂತಿವೆ. ಚಿಗುರಿದ ಮೇಲೆ ಒಮ್ಮೆಲೇ ಬಿಸಿಲಿಗೆ ಇಡಬೇಡಿ. ಮೊದಲ ದಿನ ಬೆಳಗಿನ ಒಂದು ತಾಸು, ಆಮೇಲೆ ಎರಡು ತಾಸು, ಹೀಗೆ ಒಂದು ವಾರ ಹತ್ತು ದಿನ ರೂಢಿ ಮಾಡಿಸಿ.

ಹೆಸರು ಬರೆದ ಚೀಟಿ ಮರೆಯಬೇಡಿ. ಐಸ್ ಕ್ಯಾಂಡಿ ಕಡ್ಡಿ ಮೇಲೆ ಪೆನ್ಸಿಲ್‌ನಿಂದ ಬರೆದು ಚುಚ್ಚಿ, ಪೆನ್ನಿನದು ಒಂದು ಮಳೆಗೆ ಅಳಿಸುತ್ತದೆ. ಹೂವಿನ ಬಣ್ಣ, ಬಿಸಿಲೋ ನೆರಳೋ, ಇಷ್ಟು ಸಾಕು. ನಿಮ್ಮ ಮನೆಯಲ್ಲಿ ಕರೆಯುವ ಹೆಸರೇ ಇರಲಿ, ಗೊತ್ತಿದ್ದರೆ ಇನ್ನೊಂದು ಹೆಸರೂ ಇರಲಿ. ಹೋದ ವರ್ಷ ಒಬ್ಬರು ‘ಅಜವಾನ’ ಅಂತ, ಇನ್ನೊಬ್ಬರು ‘ಸಾಂಬಾರ ಸೊಪ್ಪು’ ಅಂತ ಬರೆದಿಟ್ಟಿದ್ದರು. ಒಬ್ಬಾಕೆ ಎರಡನ್ನೂ ಖುಷಿಯಿಂದ ಒಯ್ದಳು. ಮನೆಗೆ ಹೋಗಿ ನೋಡಿದರೆ ಎರಡೂ ದೊಡ್ಡಪತ್ರೆ. ಅಡುಗೆಯ ಅಜವಾನದ ಗಿಡವೇ ಬೇರೆ.

ಪ್ರಶ್ನೆ: ಬೇರೆಯವರ ಮನೆಯ ಗಿಡದ ಜೊತೆ ರೋಗವೂ ಬರುತ್ತದೆ ಅಂತ ನಮ್ಮ ಅತ್ತೆಯವರು ಬೇಡ ಅನ್ನುತ್ತಾರೆ. ನಿಜವಾ? (ಬಳ್ಳಾರಿಯಿಂದ)

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಅವರು ಹೇಳಿದ್ದು ನಿಜ, ನನ್ನ ಹಿತ್ತಲೇ ಸಾಕ್ಷಿ.

ಹೋದ ವರ್ಷ ನಾನು ಒಂದು ಕೆನೆ ಬಣ್ಣದ ದಾಸವಾಳಕ್ಕೆ ಮನಸೋತು ತಂದೆ. ತುದಿ ಎಲೆ ಸ್ವಲ್ಪ ಸುರುಟಿತ್ತು. ಬಿಸಿಲಿಗೆ ಹಾಗಾಗಿರಬೇಕು ಅಂದುಕೊಂಡು ನನ್ನ ಕೆಂಪು ದಾಸವಾಳದ ಪಕ್ಕವೇ ಇಟ್ಟೆ. ಹದಿನೈದು ದಿನಕ್ಕೆ ಎಲೆಯ ಕೆಳಗೆ ಹತ್ತಿಯಂಥ ಬಿಳಿ ಬಿಳಿ. ಹಿಟ್ಟು ತಿಗಣೆ! ತಿಂಗಳೊಳಗೆ ದಾಸವಾಳ ಎರಡೂ ಹೋದವು, ಪಪ್ಪಾಯಿಗೂ ಹತ್ತಿತು. ಕೊಟ್ಟವರು ಬೇಕಂತ ಕೊಟ್ಟದ್ದಲ್ಲ, ನೋಡದೆ ತಂದದ್ದು ನಾನು.

ಅಂದಿನಿಂದ ನನ್ನ ಪದ್ಧತಿ ಇದು. ಕೊಡುವ ಗಿಡವನ್ನು ಒಂದು ವಾರ ಮೊದಲು ಎಲೆ ಮಗುಚಿ ನೋಡುತ್ತೇನೆ. ಕಾಂಡದ ಮೇಲೆ ಇರುವೆ ಸಾಲು ಓಡಾಡುತ್ತಿದ್ದರೆ ಜಾಸ್ತಿ ಅನುಮಾನ. ಹಿಟ್ಟು ತಿಗಣೆ, ಗಿಡದ ಹೇನು ಸುರಿಸುವ ಸಿಹಿ ಅಂಟಿಗೆ ಇರುವೆ ಬರುತ್ತವೆ. ತಂದ ಗಿಡವನ್ನು ಬೇರೆ ಗಿಡಗಳಿಂದ ದೂರ, ಬಚ್ಚಲ ಹತ್ತಿರ, ಎರಡು ಮೂರು ವಾರ ಒಂಟಿಯಾಗಿ ಇಡುತ್ತೇನೆ. ಬಾಣಂತಿ ಕೋಣೆ ಅಂತ ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಾರೆ. ಬಿಳಿ ಕಂಡರೆ ಹತ್ತಿಯಿಂದ ಒರೆಸಿ, ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಚೆನ್ನಾಗಿ ಕಲಕಿ ಸಂಜೆ ಹೊತ್ತು ಸಿಂಪಡಿಸುತ್ತೇನೆ. ವಾರಕ್ಕೊಮ್ಮೆ, ಮೂರು ವಾರ.

ಮಣ್ಣಿನಲ್ಲೂ ಕಳ್ಳರು ಬರುತ್ತಾರೆ. ಕಾಂಗ್ರೆಸ್ ಕಸದ ಬೀಜ, ದೊಡ್ಡ ಬಸವನ ಹುಳುವಿನ ತತ್ತಿ. ಮೇಲಿನ ಒಂದು ಬೆರಳು ಮಣ್ಣು ತೆಗೆದು ನಿಮ್ಮದನ್ನು ಹಾಕಿಕೊಳ್ಳಿ.

ಪ್ರಶ್ನೆ: ನಮ್ಮ ಬೋರಿನ ನೀರು ಉಪ್ಪು. ಯಾರು ಏನು ಕೊಟ್ಟರೂ ನಮ್ಮಲ್ಲಿ ಎಲೆ ಅಂಚು ಸುಟ್ಟು ಸಾಯುತ್ತದೆ. ನಾವು ಬಂದು ಏನು ಪ್ರಯೋಜನ? (ಸಿಂಧನೂರಿನ ನಿವೃತ್ತ ಮಾಸ್ತರರು)

ಸರ್, ಬನ್ನಿ, ಆದರೆ ಆರಿಸಿ ತೆಗೆದುಕೊಳ್ಳಿ. ತುಂಗಭದ್ರಾ ಕಾಲುವೆ ಬಂದ ಮೇಲೆ ನಿಮ್ಮ ಕಡೆ ಎಷ್ಟೋ ಹೊಲ ಉಪ್ಪೇರಿ, ನೀರು ನಿಂತು ಸವಳು ಜವಳು ಆದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಆ ಮಣ್ಣಿನ ಮೇಲೆಯೇ ಕೆಲಸ ಮಾಡುತ್ತದೆ. ಕುಂಡದಲ್ಲೂ ಆಗುವುದು ಅದೇ: ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಕುಂಡದ ಅಂಚಿಗೆ ಬಿಳಿ ಪದರು ಕಟ್ಟಿದೆ ಅಲ್ವಾ?

ದಿನಾ ಒಂದು ಲೋಟ ಹಾಕುವುದು ಬಿಟ್ಟುಬಿಡಿ. ಹಾಕಿದಾಗ ಕೆಳಗಿನ ತೂತಿನಿಂದ ಧಾರಾಳವಾಗಿ ಹರಿಯುವಷ್ಟು ಹಾಕಿ, ಉಪ್ಪು ತೊಳೆದು ಹೋಗಲಿ. ಮಳೆ ಬಂದಾಗ ಕುಂಡಗಳನ್ನೆಲ್ಲ ಬಯಲಿಗೆ ತಳ್ಳಿ. ಏಸಿ ನೀರು ಹಿಡಿದಿಟ್ಟರೆ ಅದೂ ಒಳ್ಳೆಯದು. ಆದರೆ ಶುದ್ಧ ನೀರಿನ ಯಂತ್ರದಿಂದ ಹೊರಗೆ ಬಿಡುವ ನೀರನ್ನು ‘ವೇಸ್ಟ್ ಆಗುತ್ತದೆ’ ಅಂತ ಗಿಡಕ್ಕೆ ಹಾಕಬೇಡಿ. ಸೋಸಿದ ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ನಿಂಬೆ, ಗುಲಾಬಿ, ಬೀನ್ಸ್ ಯಾರು ಕೊಟ್ಟರೂ ಕೈ ಮುಗಿದು ಬೇಡ ಅನ್ನಿ. ಕಾಗದದ ಹೂ, ನಿತ್ಯಪುಷ್ಪ, ಲೋಳೆಸರ, ಕಣಗಿಲೆ ತೆಗೆದುಕೊಳ್ಳಿ. ಕಣಗಿಲೆ ಪೂರ್ತಿ ವಿಷ, ಮೊಮ್ಮಕ್ಕಳು ಸಣ್ಣವರಿದ್ದರೆ ಅದೂ ಬೇಡ. ಇನ್ನೊಂದು ಮಾತು. ನಿಮ್ಮ ಉಪ್ಪು ನೀರಿನಲ್ಲಿ ಈಗ ಬದುಕಿರುವ ಗಿಡ ಯಾವುದೇ ಇರಲಿ, ಅದರ ಕಡ್ಡಿ ತನ್ನಿ. ನಮ್ಮಲ್ಲಿ ಅರ್ಧ ಜನಕ್ಕೆ ಬೇಕಾದದ್ದು ಅದೇ.

ಪ್ರಶ್ನೆ: ನಾನು 300 ರೂಪಾಯಿ ಕೊಟ್ಟು ತಂದ ಅಡೇನಿಯಂ ಕೊಡುವುದು, ಅವರು ಪುದೀನ ಕಡ್ಡಿ ಕೊಡುವುದು. ಇದು ಯಾವ ನ್ಯಾಯ? (ಬಳ್ಳಾರಿ)

ಹಾಗಾದರೆ ಅಡೇನಿಯಂ ಮನೆಯಲ್ಲೇ ಇರಲಿ. ಕೊಟ್ಟ ಮೇಲೆ ಹೊಟ್ಟೆ ಉರಿಯುವ ಗಿಡವನ್ನು ತರಬಾರದು. ನಮ್ಮಲ್ಲಿ ಎಷ್ಟು ಗಿಡ ತಂದರೋ ಅಷ್ಟು ಚೀಟಿ ಕೊಡುತ್ತೇವೆ, ಒಂದು ಚೀಟಿಗೆ ಒಂದು ಗಿಡ. ಬೆಲೆ ನೋಡುವುದಿಲ್ಲ. ಕೊಟ್ಟೇ ಕೊಡುತ್ತೀರಿ ಅಂದರೆ ಅದರ ಹಾಲು ವಿಷ ಅಂತ ಹೆಸರಿನ ಚೀಟಿಯಲ್ಲಿ ಬರೆಯಿರಿ.

ಪ್ರಶ್ನೆ: ಮನಿ ಪ್ಲಾಂಟ್ ಕದ್ದು ತಂದರೇ ಬೆಳೆಯುತ್ತದಂತೆ. ಅದಲು ಬದಲಿನಲ್ಲಿ ತಂದರೆ? (ಗಂಗಾವತಿ)

ಗೆಣ್ಣು ಇದ್ದರೆ ಬೆಳೆಯುತ್ತದೆ. ಗೆಣ್ಣಿಲ್ಲದ ಬರೀ ಎಲೆಯನ್ನು ಕದ್ದು ತಂದರೂ ಬಳ್ಳಿಯಾಗುವುದಿಲ್ಲ. ಆದರೆ ನಂಬಿಕೆಯನ್ನು ಯಾಕೆ ಕೆಡಿಸುವುದು? ಹೋದ ವರ್ಷ ಒಬ್ಬ ಹಿರಿಯರು ನನ್ನ ಮುಂದೆ ನಿಂತು, “ಯಕ್ಕಾ, ತಟಗ ಆ ಕಡೆ ನೋಡ್ರಿ, ನಾ ಕದೀತೀನಿ” ಅಂದರು. ನಾನು ಗುಡಿಯ ಗೋಡೆ ನೋಡುತ್ತ ನಿಂತೆ. ಕದ್ದ ಮೇಲೆ ಚೀಟಿಯನ್ನೂ ಮರ್ಯಾದೆಯಿಂದ ಕೊಟ್ಟು ಹೋದರು.

ಪ್ರಶ್ನೆ: ಗಿಡ ಹೊತ್ತು ತರುವುದು ಕಷ್ಟ. ಬೀಜ ತಂದರೆ ನಡೆಯುತ್ತದಾ? ಕಂಪನಿ ಬೀಜದಿಂದ ಬೆಳೆದದ್ದೂ ಆಗುತ್ತದಾ? (ರಾಯಚೂರಿನ ತಂಗಿ)

ಬೀಜ ಬಂದರೆ ನನಗಂತೂ ಜಾಸ್ತಿ ಖುಷಿ. ಅದರಲ್ಲೂ ಪುಂಡಿ, ಹಕ್ಕರಕಿ, ಚವಳಿಕಾಯಿ. ನರ್ಸರಿಯಲ್ಲಿ ಹತ್ತು ಬಣ್ಣದ ಪೆಟೂನಿಯಾ ಸಿಗುತ್ತದೆ, ರೊಟ್ಟಿ ಜೊತೆ ತಿನ್ನುವ ಹಕ್ಕರಕಿ ಸಿಗುವುದಿಲ್ಲ. ಪುಂಡಿ ಹಗಲು ಸಣ್ಣದಾದಾಗ ಹೂ ಬಿಡುವ ಗಿಡ, ಬೀಜ ಬಲಿಯುವುದು ಚಳಿಗಾಲಕ್ಕೆ. ಹಾಗಾಗಿ ಹೋದ ವರ್ಷ ನೀವು ಪಲ್ಯಕ್ಕೆ ಮುರಿಯದೆ ಒಂದೆರಡು ಗಿಡ ಬಿಟ್ಟಿದ್ದರೆ ಮಾತ್ರ ಈಗ ಕೈಯಲ್ಲಿ ಬೀಜ ಇರುತ್ತದೆ.

ಹೈಬ್ರಿಡ್ ಟೊಮೆಟೊ, ಹೈಬ್ರಿಡ್ ಮೆಣಸಿನಕಾಯಿಯ ಬೀಜ ತರಬೇಡಿ. ಮೊಳೆಯುತ್ತದೆ, ಆದರೆ ತಾಯಿಯಂತೆ ಬರುವುದಿಲ್ಲ. ನಾಟಿ ಟೊಮೆಟೊ, ಅವರೆ ಹೆಚ್ಚಾಗಿ ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ, ಧೈರ್ಯವಾಗಿ ಕೊಡಿ. ಕುಂಬಳ, ಹೀರೆ, ಸವತಿಯಲ್ಲಿ ಜೇನುಹುಳು ಕೈಯಾಡಿಸಿರುತ್ತದೆ. ಪಕ್ಕದ ಮನೆಯಲ್ಲಿ ಬೇರೆ ತಳಿಯ ಕುಂಬಳ ಇದ್ದರೆ ನಿಮ್ಮ ಬೀಜದಲ್ಲಿ ಅದೂ ಬೆರೆತಿರಬಹುದು, ಹಾಗಂತ ಹೇಳಿ ಕೊಡಿ. ಕರಿಬೇವಿನ ಬೀಜವನ್ನು ಡಬ್ಬಿಯಲ್ಲಿ ಇಟ್ಟು ತರಬೇಡಿ, ಕೆಲವೇ ವಾರದಲ್ಲಿ ಜೀವ ಹೋಗುತ್ತದೆ.

ಕೊಡುವ ಮುಂಚೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದು ವಾರ ನೋಡಿ. ಏಳೆಂಟು ಮೊಳೆತರೆ ಕೊಡಿ. ಎರಡೋ ಮೂರೋ ಮೊಳೆತರೆ ಸುಮ್ಮನಿರಿ. ಹೀಗೆ ಬೀಜ ಹಂಚಿಕೊಳ್ಳಲು ಕಾನೂನು ಒಪ್ಪುತ್ತದಾ ಅಂತಲೂ ನೀವು ಪತ್ರದಲ್ಲಿ ಕೇಳಿದ್ದೀರಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ತನ್ನ ಬೀಜ ಇಟ್ಟುಕೊಳ್ಳುವ, ಹಂಚಿಕೊಳ್ಳುವ, ಅದಲು ಬದಲು ಮಾಡುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ.

ಪ್ರಶ್ನೆ: ಬೇಗ ಹಬ್ಬುವ, ನೀರೇ ಕೇಳದ ಗಿಡ ಇದ್ದರೆ ಅದನ್ನೇ ಎಲ್ಲರಿಗೂ ಕೊಡಬಹುದಲ್ಲ? (ಸಿರುಗುಪ್ಪ)

ಬೇಗ ಹಬ್ಬುವುದು ಅಂದರೆ ನನಗೆ ನಡುಕ. ಬಳ್ಳಾರಿ ಜಾಲಿ ನೋಡಿ. ಹೆಸರಿಗೆ ನಿಮ್ಮ ಜಿಲ್ಲೆಯದು, ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಬರಗಾಲದ ನೆಲಕ್ಕೆ ಉರುವಲಾದೀತು ಅಂತ ತಂದು ಹಾಕಿದ್ದು, ಈಗ ಕೆರೆ, ಗೋಮಾಳ, ಹಳ್ಳದ ದಂಡೆ ಎಲ್ಲ ಅದರದೇ. ಕೆರೆಯಲ್ಲಿ ತೇಲುವ ನೇರಳೆ ಹೂವಿನ ಗಿಡ, ನೆಲದ ಮೇಲೆ ಹಾಸುವ ಹಳದಿ ಹೂವಿನ ವೆಡೇಲಿಯಾ ಎರಡನ್ನೂ ನಮ್ಮಲ್ಲಿ ಬಾಗಿಲಲ್ಲೇ ತಡೆಯುತ್ತೇವೆ.

ನಿಮ್ಮದೇ ಪತ್ರದ ಎರಡನೇ ಪ್ರಶ್ನೆ, ಗುಲಾಬಿ ಕಡ್ಡಿ ತಂದರೆ ಆಗುತ್ತದಾ ಅಂತ. ಆಗುತ್ತದೆ, ಕಸಿಯ ಗಂಟಿನ ಮೇಲಿನ ಟೊಂಗೆಯಿಂದ ತಂದರೆ. ಗೆಳತಿಗೆ ನಾನು ‘ಕಡುಗೆಂಪು’ ಅಂತ ಕೊಟ್ಟ ಕಡ್ಡಿ ಗಂಟಿನ ಕೆಳಗೆ, ಅಂದರೆ ಕಸಿಗೆ ಬಳಸಿದ ಬೇರೆ ಗುಲಾಬಿಯ ಬುಡದಿಂದ ಎದ್ದದ್ದಾಗಿತ್ತು. ಎರಡು ವರ್ಷ ಸಾಕಿದ ಮೇಲೆ ಸಣ್ಣ ಸಣ್ಣ ತಿಳಿ ಗುಲಾಬಿ ಗೊಂಚಲು ಬಿಟ್ಟಿತು. ಆಕೆ ಇನ್ನೂ ಆಡಿ ತೋರಿಸುತ್ತಾಳೆ.

ಪ್ರಶ್ನೆ: ಅಜ್ಜಿ, ನಮ್ಮ ಶಾಲೆಯ ಬೇವಿನ ಮರದ ಕೆಳಗೆ ಮೂರು ಸಣ್ಣ ಗಿಡ ಹುಟ್ಟಿವೆ. ಬೇವು ತಂದರೆ ಎಲ್ಲರೂ ನಗುತ್ತಾರಾ? (ಕುಕನೂರು, ಆರನೇ ತರಗತಿ)

ನಗಲಿ ಬಿಡು ತಮ್ಮಾ, ನೀನು ತಾ. ಈಗ ಕೀಳಬೇಡ. ಒಂದು ಮಳೆ ಬಿದ್ದು ಮಣ್ಣು ಮೆತ್ತಗಾಗಲಿ. ಬೇವಿನ ತಾಯಿಬೇರು ನೇರ ಕೆಳಗೆ ಇಳಿದಿರುತ್ತದೆ, ಅದು ಮುರಿಯಬಾರದು. ಗಿಡದಿಂದ ಒಂದು ಗೇಣು ದೂರದಲ್ಲಿ ಸುತ್ತ ಅಗೆದು, ಮಣ್ಣಿನ ಉಂಡೆ ಸಮೇತ ಎತ್ತಬೇಕು. ನಿಮ್ಮ ಮಾಸ್ತರರನ್ನು ಕೇಳಿ ಸಲಿಕೆ ಇಸ್ಕೋ. ಆಮೇಲೆ ಉದ್ದನೆಯ ಎಣ್ಣೆ ಕವರಿಗೆ ಹಾಕಿ ಹತ್ತು ದಿನ ನೆರಳಲ್ಲಿ ಇಡು. ಜೂನ್, ಜುಲೈನಲ್ಲಿ ಹಣ್ಣು ಉದುರಿದಾಗ ಬೀಜವನ್ನೂ ಆರಿಸು. ಆದರೆ ಎರಡು ವಾರದೊಳಗೆ ಊರಿಬಿಡು, ಆಮೇಲೆ ಮೊಳೆಯುವುದು ಕಡಿಮೆ.

ಮೂರರಲ್ಲಿ ಒಂದನ್ನು ನನಗೆ ಎತ್ತಿಡು. ಮನೆ ಮುಂದೆ ರಸ್ತೆ ಬಿಟ್ಟು ಒಳಗಡೆ ನಾಲ್ಕು ಅಡಿ ಜಾಗ ಅಳೆದಿಟ್ಟಿದ್ದೇನೆ. ಬದಲಿಗೆ ಏನು ಬೇಕು ಅಂತ ಮುಂದಿನ ಪತ್ರದಲ್ಲಿ ಬರಿ. ಪುಂಡಿ ಬೀಜ ಇದೆ, ದೊಡ್ಡಪತ್ರೆ ಇದೆ. ಕೆನೆ ದಾಸವಾಳ ಮಾತ್ರ ಕೇಳಬೇಡ.