ಅತ್ತೆ ಕೈಯ ರೊಟ್ಟಿ ನನ್ನ ಕೈಗೆ ಯಾಕೆ ಬರ್ತಿಲ್ಲ?

ಪ್ರಶ್ನೆ: ನಾನು ಶಿವಮೊಗ್ಗ ಕಡೆಯವಳು, ಮದುವೆಯಾಗಿ ಕೊಪ್ಪಳ ತಾಲ್ಲೂಕಿನ ಹಳ್ಳಿಗೆ ಬಂದು ಎಂಟು ತಿಂಗಳಾಯ್ತು. ಅತ್ತೆ ಜೋಳದ ರೊಟ್ಟಿ ಬಡಿಯೋದನ್ನ ನೋಡ್ತಾನೇ ಇರೋಣ ಅನ್ಸತ್ತೆ, ಆದ್ರೆ ಹೇಗೆ ಅಂತ ಕೇಳಿದ್ರೆ "ಬಡದ್ರ ಬರ್ತೈತಿ ತಗೋ" ಅಂತಾರೆ ಅಷ್ಟೇ. ಮೊಬೈಲಲ್ಲಿ ವಿಡಿಯೋ ಎಷ್ಟು ನೋಡಿದ್ರೂ ನನ್ನ ರೊಟ್ಟಿ ಅಂಚು ಒಡೆಯತ್ತೆ. ಎಂಎಸ್ಸಿ ಓದಿದೀನಿ, ಇದೊಂದು ಯಾಕೆ ತಲೆಗೆ ಹತ್ತಲ್ಲ? ಅತ್ತೆಗೆ ಕಲಿಸೋ ಮನಸ್ಸಿಲ್ವಾ?

ಉತ್ತರ: ನೋಡ್ರಿ ತಂಗಿ, ಮೊದಲು ಕೊನೇ ಮಾತಿಗೆ ಉತ್ತರ ಹೇಳ್ತೀನಿ, ನಿಮ್ಮ ಅತ್ತಿಯವರು ಏನೂ ಮುಚ್ಚಿಡವಲ್ರು, ಅವರಿಗೆ ಖರೇನ ಹೇಳಾಕ ಬರಾಂಗಿಲ್ಲ. ಆ ವಿದ್ಯೆ ಅವರ ಮಾತಿನಾಗ ಇಲ್ಲ, ಕೈಯಾಗ ಐತಿ.

ಅಮೆರಿಕದ ಹೆನ್ರಿ ಮೊಲೈಸನ್ ಅನ್ನೋರಿಗೆ 1953ರಾಗ ಮೂರ್ಛೆರೋಗಕ್ಕಂತ ಮೆದುಳಿನ ಆಪರೇಷನ್ ಆತು, ಹಿಪೊಕ್ಯಾಂಪಸ್ ಅನ್ನೋ ಭಾಗ ಬಹಳಷ್ಟು ತಗದ್ರು, ಆಮ್ಯಾಲೆ ಅವರಿಗೆ ಹೊಸಾ ಸಂಗತಿ ಯಾವುದೂ ನೆನಪು ಉಳೀಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನೋ ವಿಜ್ಞಾನಿ ಅವರಿಗೆ ಕನ್ನಡಿಯಾಗ ಅಷ್ಟ ನೋಡಿಕೊಂತ ನಕ್ಷತ್ರದ ಚಿತ್ರದ ಗುಂಟ ಗೆರಿ ಎಳಿಯಾಕ ಹಚ್ಚಿದ್ರು, ಮೂರು ದಿನದಾಗ ಕೈ ಪಳಗಿತು, ಆದ್ರ ಹಿಂದಿನ ದಿನ ಇದನ್ನ ಮಾಡಿದ್ದು ಮಾತ್ರ ಒಂದೀಟೂ ನೆನಪಿಲ್ಲ! ಅಂದ್ರ ಓದಿದ್ದು, ಕಂಡದ್ದು ನೆನಪಿಡೋ ದಾರಿ ಬ್ಯಾರೆ, ಕೈ ಕಲಿಯೋ ದಾರಿ ಬ್ಯಾರೆ. ನಿಮ್ಮ ಎಂಎಸ್ಸಿ ಮೊದಲನೇ ದಾರಿಯಾಗ ಬಂದದ್ದು.

ಕೈಕೆಲಸದಾಗ ದೊಡ್ಡ ಪಾತ್ರ ತಲಿ ಹಿಂಬದಿಯ ಕಿರುಮೆದುಳಿಂದು. ಮೆದುಳಿನ ತೂಕದಾಗ ಹತ್ತನೇ ಒಂದು ಪಾಲು ಅಷ್ಟ, ಆದ್ರ ಸುಮಾರು 8600 ಕೋಟಿ ನರಕೋಶದಾಗ 6900 ಕೋಟಿ ಅಲ್ಲೇ ಅದಾವು. ಅಂಗೈ ಇಷ್ಟು ಒತ್ತತೈತಿ ಅಂತ ಅದು ಮೊದಲ ಅಂದಾಜು ಮಾಡ್ತೈತಿ, ತಪ್ಪಿದ್ರ ಮುಂದಿನ ಬಡಿತದಾಗ ತಿದ್ದತೈತಿ. ವಿಡಿಯೋ ನೋಡಿದ್ರ ತಪ್ಪೋದು ನಿಮ್ಮ ಕೈ ಅಲ್ಲಲ್ಲ, ತಿದ್ದೋದು ಏನನ್ನ? ಅಂಚು ಒಡದ ರೊಟ್ಟಿನ ನಿಮ್ಮ ಪಾಠ ರೀ.

ಅದಕ್ಕ ಹಿಂಗ ಮಾಡ್ರಿ, ಅತ್ತಿಯವರು ಬಡಿಯೋವಾಗ ಅವರ ಕೈ ಮ್ಯಾಲೆ ನಿಮ್ಮ ಕೈ ಹಗುರಕ ಇಡ್ರಿ, ಆಮ್ಯಾಲೆ ಅವರದು ನಿಮ್ಮ ಕೈ ಮ್ಯಾಲೆ ಇರಲಿ. ಹೆಂಗ ಮಾಡ್ಬೇಕು ಅಂತ ಕೇಳಬ್ಯಾಡ್ರಿ, ಹಿಟ್ಟು ಮುಟ್ಟಿಸಿ "ಇದು ಸರಿ ಐತೇನ್ರಿ" ಅಂತ ಕೇಳ್ರಿ, ಅದಕ್ಕ ತಟ್ಟನ ಉತ್ತರ ಬರ್ತೈತಿ. ಜೋಳಕ್ಕ ಗೋಧಿಯಂಗ ಜಿಗಿ ಇಲ್ಲ, ಕುದಿಯೋ ಎಸರು ಬಿದ್ದಾಗ ಪಿಷ್ಟ ಬೆಂದು ಅಂಟು ಬರ್ತೈತಿ, ನಾದೋದು ಕಡಿಮಿ ಆದ್ರ ಅಂಚು ಒಡೀತೈತಿ, ಇದನ್ನ ನಿಮ್ಮ ಬೆರಳು ಗುರುತು ಹಿಡೀಬೇಕು. ಮತ್ತ ಐತವಾರ ಒಮ್ಮೆಲೆ ಇಪ್ಪತ್ತು ಬಡಿಯೋದಕ್ಕಿಂತ ದಿನಾ ನಾಲ್ಕು ಬಡೀರಿ, ಕೈ ಕಲಿತದ್ದು ರಾತ್ರಿ ನಿದ್ದಿಯಾಗ ಗಟ್ಟಿ ಆಗ್ತೈತಿ. ತೆಳು ಆಗ್ಲಿ ಅಂತ ಈಗಲೇ ಹಟ ಬ್ಯಾಡ, ಮೊದಲು ಅಂಗೈ ಅಗಲದ ಸಣ್ಣ ರೊಟ್ಟಿ ಒಡೀದಂಗ ಬರಲಿ.