ತೂಕದ ಯಂತ್ರದ ಮೇಲೆ ನಿಂತ ಹೆಂಗಸು ಎಲ್ಲಿ ಹೋದರು?

ನಮಸ್ಕಾರ.

ನೀವು ಕಳಿಸಿದ ‘ಹೃದಯದ ಸ್ಕ್ಯಾನ್: ಅಳತೆಗೆ ತಕ್ಕ ವಿಕಿರಣ’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ಕಾರಣ, ನಾಲ್ಕನೇ ಪುಟ. ಅಲ್ಲಿ ಸಿಟಿ ಸ್ಕ್ಯಾನ್‌ಗೆ ಬಂದ ಹೆಂಗಸೊಬ್ಬರು ತಮ್ಮ ತೂಕ 62 ಕೆಜಿ ಎನ್ನುತ್ತಾರೆ. ಟೆಕ್ನಿಷಿಯನ್ ಅದನ್ನು ಹಾಗೇ ಬರೆದುಕೊಳ್ಳದೆ ಚಪ್ಪಲಿ ಬಿಡಿಸಿ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. 54! ಸ್ಕ್ಯಾನ್ ಯಂತ್ರದ ಸೆಟ್ಟಿಂಗ್ ಬದಲಾಗುತ್ತದೆ. ನಿಮ್ಮ ಇಡೀ ವಿಷಯ ಆ ನಾಲ್ಕು ಸಾಲಲ್ಲಿದೆ. ನೀವೋ ಅವರನ್ನು ಅಲ್ಲೇ ನಿಲ್ಲಿಸಿ ಮತ್ತೆ ಯಂತ್ರದ ಗುಣಗಾನಕ್ಕೆ ಹೊರಟುಬಿಟ್ಟಿದ್ದೀರಿ.

ಅಲ್ಲಿಂದಲೇ ಶುರು ಮಾಡಿ. ಬದಲಾದ ಸೆಟ್ಟಿಂಗ್ ಯಾವುದು? ಎಕ್ಸ್-ರೇ ಹುಟ್ಟಿಸುವ ವೋಲ್ಟೇಜ್ 120 ಕಿಲೋವೋಲ್ಟ್ ಇದ್ದದ್ದು 100ಕ್ಕೆ ಇಳಿದಿರಬೇಕು. ‘ವೋಲ್ಟೇಜ್ ಸ್ವಲ್ಪ ತಗ್ಗಿಸುತ್ತಾರೆ’ ಎಂದು ಬರೆದು ಮುಗಿಸಿದ್ದೀರಿ. ಅದು ಸ್ವಲ್ಪವಲ್ಲ. ಬೇರೇನೂ ಬದಲಾಗದಿದ್ದರೆ ಡೋಸ್, ಅಂದರೆ ಮೈಗೆ ತಗಲುವ ವಿಕಿರಣ, ಹೆಚ್ಚುಕಮ್ಮಿ ವೋಲ್ಟೇಜಿನ ವರ್ಗದ (ಅದನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಇಳಿಯುತ್ತದೆ. ಮೂರರಲ್ಲಿ ಒಂದು ಪಾಲಿನಷ್ಟು ಹೋದ ಹಾಗೆ. ಇನ್ನೊಂದು ಮಜಾ ಇದೆ. ರಕ್ತನಾಳ ಎದ್ದು ಕಾಣಲೆಂದು ಚುಚ್ಚುವ ಔಷಧಿಯಲ್ಲಿ ಅಯೋಡಿನ್ ಇರುತ್ತದೆ. ವೋಲ್ಟೇಜ್ ಇಳಿದಾಗ ಅದು ಇನ್ನೂ ಬೆಳ್ಳಗೆ ಕಾಣುತ್ತದೆ. ಹಾಗಾಗಿ ಚಿತ್ರ ಒಂಚೂರು ಕಾಳುಕಾಳಾದರೂ ಸಣ್ಣ ಮೈಯವರಲ್ಲಿ ನಡೆಯುತ್ತದೆ. ಇದನ್ನೇ ಬಿಟ್ಟುಬಿಟ್ಟರೆ ಹೇಗೆ?

ಈಗ ಅದೇ ಮೇಜಿನ ಮೇಲೆ 110 ಕೆಜಿಯ ಒಬ್ಬರನ್ನು ಮಲಗಿಸಿ. ಆ ಹೆಂಗಸಿಗೆ ಸಾಕಾದದ್ದು ಇವರಿಗೆ ಸಾಲದು. ಕಿರಣ ಮೈ ದಾಟಿ ಬರುವುದೇ ಕಡಿಮೆ. ನಾಳ ಕಟ್ಟಿಕೊಂಡಿದೆಯೋ ಇಲ್ಲವೋ ಎಂದು ಡಾಕ್ಟರ್ ಹೇಳಲಾರರು. ಮತ್ತೆ ಸ್ಕ್ಯಾನ್, ಮತ್ತೆ ಡೋಸ್. ನಿಮ್ಮ ಲೇಖನದಲ್ಲಿ ಮೂರು ಕಡೆ ‘ಡೋಸ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು’ ಎಂದಿದೆ. ಅದು ತಪ್ಪು. ಉತ್ತರ ಸಿಗುವಷ್ಟು ಬೇಕು, ಅದಕ್ಕಿಂತ ಜಾಸ್ತಿ ಬೇಡ.

ನಾಡಿಯ ಬಗ್ಗೆ ಒಂದು ಮಾತೂ ಇಲ್ಲದ್ದು ನನಗೆ ಆಶ್ಚರ್ಯ. ಹೃದಯದ ಲೇಖನ ಅಲ್ವಾ ಇದು? ನಿಮಿಷಕ್ಕೆ 58 ಸಲ, ತಪ್ಪದೆ ಬಡಿಯುವ ಹೃದಯ ಎರಡು ಬಡಿತಗಳ ನಡುವೆ ಚೆನ್ನಾಗಿ ವಿರಾಮ ತೆಗೆದುಕೊಳ್ಳುತ್ತದೆ. ಆ ಹೊತ್ತಿಗೆ ಮಾತ್ರ ಎಕ್ಸ್-ರೇ ಬಿಟ್ಟರೆ ಸಾಕು. ಬಡಿತ 85 ಇದ್ದು, ನಡುನಡುವೆ ತಪ್ಪುತ್ತಲೂ ಇದ್ದರೆ ಕಿರಣ ಜಾಸ್ತಿ ಹೊತ್ತು ಬೇಕಾಗುತ್ತದೆ. ಅದಕ್ಕೇ, ಕೊಡಬಹುದಾದವರಿಗೆ ಸ್ಕ್ಯಾನ್‌ಗೆ ಮೊದಲು ಬಡಿತ ನಿಧಾನ ಮಾಡುವ ಮಾತ್ರೆ ಕೊಡುವುದು. ಒಂದು ಮಾತ್ರೆಯಿಂದ ವಿಕಿರಣ ಇಳಿಯುತ್ತದೆ ಎಂದರೆ ಓದುಗರು ಕಣ್ಣರಳಿಸಿ ಓದುತ್ತಾರೆ.

ವಿಕಿರಣ ಸೂಸುವ ವಸ್ತುವನ್ನು ಚುಚ್ಚಿ ಹೃದಯದ ಚಿತ್ರ ತೆಗೆಯುವ ನ್ಯೂಕ್ಲಿಯರ್ ಸ್ಕ್ಯಾನ್‌ಗೆ ಎರಡು ಪುಟ ಬೇಡ, ಅರ್ಧ ಸಾಕು. ಮೊದಲು ಹೃದಯಕ್ಕೆ ಶ್ರಮ ಕೊಟ್ಟು ಚಿತ್ರ ತೆಗೆದು, ಅದು ಸರಿಯಿದ್ದರೆ ವಿಶ್ರಾಂತಿಯ ಚಿತ್ರವನ್ನೇ ಕೈಬಿಡಬಹುದು. ಚುಚ್ಚುವ ಆ ವಸ್ತು, ಅಂದರೆ ಟೆಕ್ನೀಷಿಯಮ್, ಅರ್ಧಕ್ಕಿಳಿಸಿ ಕ್ಯಾಮೆರಾದ ಕೆಳಗೆ ಎರಡರಷ್ಟು ಹೊತ್ತು ಮಲಗಿಸಿದರೂ ಹೆಚ್ಚುಕಡಿಮೆ ಅದೇ ಚಿತ್ರ ಬರುತ್ತದೆ. ಆದರೆ ಭುಜ ನೋವಿರುವವರು ಕೈ ಮೇಲೆತ್ತಿಕೊಂಡು ಅಷ್ಟು ಹೊತ್ತು ಮಲಗುವುದು ಹೇಗೆ? ಅದನ್ನೂ ಬರೆಯಿರಿ.

‘ಆಕೆಯ ದೇಹಕ್ಕೆ ಸೇರಿದ್ದು 4.37 ಮಿಲಿಸೀವರ್ಟ್’ ಎಂಬ ಸಾಲು ತೆಗೆಯಿರಿ. ಮಿಲಿಸೀವರ್ಟ್ ಎಂಬ ಡೋಸಿನ ಮಾನದಲ್ಲಿ ಈ ಲೆಕ್ಕ ಹಾಕುವುದು ಒಂದು ಮಾದರಿ ದೇಹವನ್ನು ಇಟ್ಟುಕೊಂಡು. ಯಂತ್ರ ತೋರಿಸುವ ಅಂಕಿಯನ್ನು ಒಂದು ನಿಗದಿತ ಸಂಖ್ಯೆಯಿಂದ ಗುಣಿಸುತ್ತಾರೆ, ಅಷ್ಟೇ. ಆಕೆಯ 54 ಕೆಜಿ ಆ ಗುಣಾಕಾರದಲ್ಲಿ ಎಲ್ಲೂ ಬರುವುದಿಲ್ಲ. ಒಬ್ಬೊಬ್ಬರ ಅಳತೆ ಎಂದು ಲೇಖನ ಬರೆದು, ಯಾರದೂ ಅಲ್ಲದ ಅಳತೆ ಕೊಟ್ಟಂತಾಯಿತು! ಸುಮಾರು 4 ಎನ್ನಿ. ನೂರಾರು ಎಕ್ಸ್-ರೇಗೆ ಸಮ ಎಂದು ಹೆದರಿಸುವ ಬದಲು, ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಎಲ್ಲರಿಗೂ ಸಿಗುತ್ತದೆ ಎಂದು ಪಕ್ಕದಲ್ಲಿಡಿ.

ದರ್ಜಿಯ ಹೋಲಿಕೆ ಐದು ಸಲ ಬಂದಿದೆ. ಮೊದಲನೆಯದು ಇರಲಿ. ಬೇಡ, ಅದನ್ನೂ ತೆಗೆಯಿರಿ.

ಕೊನೆಗೆ ಒಂದು ಪ್ರಶ್ನೆ. ಆ ಹೆಂಗಸು ಸ್ಕ್ಯಾನ್‌ಗೆ ಬಂದದ್ದು ಯಾಕೆ? ಎದೆನೋವಿತ್ತಾ? ವಿಕಿರಣವೇ ಇಲ್ಲದ ಎಕೋ ಪರೀಕ್ಷೆಯಲ್ಲೇ ಮುಗಿಯುತ್ತಿತ್ತಾ? ಅದನ್ನು ತಿಳಿದುಕೊಂಡು, ತಿದ್ದಿ, 900 ಪದದೊಳಗೆ ಕಳಿಸಿ.