ಹಸಿದ ನೀರು

ಪ್ರಶ್ನೆ: ಬೋರ್‌ವೆಲ್ ನೀರಿನಿಂದ ನಮ್ಮ ಗೀಸರ್ ಎರಡೇ ವರ್ಷಕ್ಕೆ ಸೋರತೊಡಗಿತು. ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಲವಣವೇ ಇಲ್ಲದ ಶುದ್ಧ ನೀರು ಬಳಸುತ್ತಾರಂತೆ. ಮತ್ತೆ ಅಂಥ ಸ್ಥಾವರಗಳ ಕೊಳವೆಗಳು ಸವೆಯುವುದೇಕೆ?
- ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಬಂದ ವಾರವೇ ನಮ್ಮ ಮನೆಯ ಗೀಸರನ್ನೂ ಬಿಚ್ಚಿಸಬೇಕಾಯಿತು. ಪ್ಲಂಬರ್ ಹೊರಗೆಳೆದ ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ ಕಟ್ಟಿತ್ತು. ಪಕ್ಕದ ಮೆಗ್ನೀಷಿಯಂ ಸರಳು ಹಂಚಿಕಡ್ಡಿಯಷ್ಟು ಸಣಕಲಾಗಿತ್ತು. ತೊಟ್ಟಿಯ ಉಕ್ಕಿನ ಬದಲು ತಾನು ಕರಗಲೆಂದೇ ಅದನ್ನು ಇಟ್ಟಿರುತ್ತಾರೆ. ಅದು ಮುಗಿದರೆ ತೊಟ್ಟಿಯ ಸರದಿ. ನಿಮ್ಮಲ್ಲೂ ಬಹುಶಃ ಆದದ್ದು ಇದೇ.

ಆದರೆ ಲವಣ ತೆಗೆದ ಮಾತ್ರಕ್ಕೆ ನೀರು ಸಾಧುವಾಗುವುದಿಲ್ಲ. ಕೈಗಾದಲ್ಲಿ ಇಂಧನದ ಶಾಖವನ್ನು ಹೊತ್ತು ತರುವುದು ಭಾರಜಲ, ಅಂದರೆ ಭಾರದ ಹೈಡ್ರೋಜನ್ ಇರುವ ನೀರು (ಕದ್ರಾ ಜಲಾಶಯದ ನೀರಿಗೆ ಅಲ್ಲಿ ಪ್ರವೇಶವಿಲ್ಲ). ಅದು ಸುಮಾರು 290 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ರಿಯಾಕ್ಟರಿಗೆ ನೀರು ಒಯ್ದು ತರುವ ಕಾರ್ಬನ್ ಉಕ್ಕಿನ ಫೀಡರ್ ಕೊಳವೆಗಳೊಳಗೆ ರಭಸದಿಂದ ಹರಿಯುತ್ತದೆ. ಆ ಉಕ್ಕನ್ನು ಕಾಯುವುದು ಅದರ ಮೈಮೇಲೆ ಕಟ್ಟುವ ಮ್ಯಾಗ್ನೆಟೈಟ್ ಎಂಬ ಕಪ್ಪು ಪೊರೆ. ಪಳಗಿದ ದೋಸೆ ಕಾವಲಿಯನ್ನು ನೆನಪಿಸಿಕೊಳ್ಳಿ. ದಿನಾ ತಿಕ್ಕಿ ತೊಳೆದರೆ ಅದರ ಗತಿ ಏನು? ಕಬ್ಬಿಣದ ಅಂಶವಿನ್ನೂ ಕರಗಿರದ ನೀರು ಹಸಿದ ನೀರು. ಅದು ಪೊರೆಯನ್ನು ಕರಗಿಸುತ್ತಲೇ ಹೋಗುತ್ತದೆ, ಉಕ್ಕು ಹೊಸ ಪೊರೆ ಕಟ್ಟಿ ಕಟ್ಟಿ ತೆಳುವಾಗುತ್ತದೆ. ಸುಳಿಯೇಳುವ ಬಾಗುಗಳಲ್ಲಿ ಇದು ಇನ್ನೂ ಜೋರು. ಅದಕ್ಕೇ ಲಿಥಿಯಂ ಹೈಡ್ರಾಕ್ಸೈಡ್ ಬೆರೆಸಿ ನೀರಿನ ಕ್ಷಾರತೆ ತೋರುವ ಪಿಎಚ್ ಮಟ್ಟವನ್ನು 10ರ ಮೇಲೆ ಇಡುತ್ತಾರೆ. ಕೈ ಜಾರಿ ಲಿಥಿಯಂ ಹೆಚ್ಚಾದರೆ ಇಂಧನವಿರುವ ಜಿರ್ಕೋನಿಯಂ ಲೋಹದ ಕೊಳವೆಗಳಿಗೆ ಪೆಟ್ಟು. ಉಕ್ಕಿಗೇ ಚಿಟಿಕೆ ಕ್ರೋಮಿಯಂ ಸೇರಿಸಿದರೂ ಸವೆತ ಬಹಳ ತಗ್ಗುತ್ತದೆ.

ಆಮ್ಲಜನಕದ್ದು ಇನ್ನೊಂದು ತಕರಾರು. ಕುದಿನೀರಿನ ರಿಯಾಕ್ಟರುಗಳಲ್ಲಿ ಅದು ಸ್ಟೇನ್‌ಲೆಸ್ ಉಕ್ಕಿನ ಬಿರುಕಿಗೆ ದಾರಿ ಮಾಡುತ್ತದೆ. ಕಾರ್ಬನ್ ಉಕ್ಕಿಗೋ, ಅದು ಪೂರ್ತಿ ಇಲ್ಲದಿದ್ದರೇ ಕಷ್ಟ, ಪೊರೆ ಗಟ್ಟಿಯಾಗಿ ನಿಲ್ಲುವುದಿಲ್ಲ! ಜಪಾನಿನ ಮಿಹಾಮಾ ಅಣುಸ್ಥಾವರದ ಮೂರನೇ ಘಟಕದಲ್ಲಿ 2004ರ ಆಗಸ್ಟ್ 9ರಂದು ಒಡೆದದ್ದು ಇಂಥದೇ ಕಾರ್ಬನ್ ಉಕ್ಕಿನ ಕೊಳವೆ. 10 ಮಿಲಿಮೀಟರ್ ದಪ್ಪವಿದ್ದ ಗೋಡೆ 1.4ಕ್ಕೆ ಇಳಿದಿತ್ತು. ಅದರಲ್ಲಿದ್ದ ನೀರು ವಿಕಿರಣಶೀಲವಲ್ಲ. ಐವರು ಸತ್ತದ್ದು ಬರಿಯ ಬಿಸಿನೀರು, ಹಬೆಯಿಂದ. ಪರೀಕ್ಷೆಯ ಪಟ್ಟಿಯಲ್ಲಿ ಆ ಜಾಗ ಬಿಟ್ಟುಹೋಗಿತ್ತು. 1976ರಲ್ಲಿ ಆ ಘಟಕ ಶುರುವಾದಂದಿನಿಂದ ಯಾರೂ ಅಳೆದಿರಲಿಲ್ಲ.

ಇನ್ನು ನಿಮ್ಮ ಗೀಸರ್. ಹೊಸದು ಕೊಂಡರೆ ವರ್ಷಕ್ಕೊಮ್ಮೆ ಆ ಸರಳನ್ನು ಬಿಚ್ಚಿ ನೋಡಲು ಹೇಳಿ. ಇಷ್ಟು ದಿನ ಏಕೆ ನೋಡಲಿಲ್ಲವೆಂದು ನಮ್ಮ ಪ್ಲಂಬರನನ್ನು ಕೇಳಿದೆ. "ನೀವು ಹೇಳಲಿಲ್ಲವಲ್ಲ ಸಾರ್" ಎಂದ.